ಆರನೇ ವರ್ಷದ ಸಂಬಳ ಯಾರು ಕೊಡಬೇಕು?

ಯಾರದೇ ಪಿಎಚ್‌ಡಿ ಥೀಸಿಸ್ ಕೈಗೆ ಸಿಕ್ಕರೂ ನಾನು ಮೊದಲು ಹುಡುಕುವುದು ಕೃತಜ್ಞತೆಯ ಪುಟಗಳನ್ನು. ಲ್ಯಾಬಿನಲ್ಲಿ ಕೆಲಸ ಮಾಡಿದವರೆಲ್ಲ ಹಾಗೇ ಮಾಡುತ್ತಾರೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ. ಇನ್ನೂರು ಪುಟದ ಆ ದಪ್ಪ ಪುಸ್ತಕದಲ್ಲಿ ಮನುಷ್ಯರು ಕಾಣುವುದು ಆ ಎರಡು ಪುಟಗಳಲ್ಲಿ ಮಾತ್ರ. ಅಲ್ಲಿಂದ ಮುಂದೆ ಎಲ್ಲವೂ ತಾನಾಗಿಯೇ ನಡೆದುಬಿಡುತ್ತದೆ. ಮಾದರಿಗಳನ್ನು ಸಂಗ್ರಹಿಸಲಾಯಿತು, ಅಳೆಯಲಾಯಿತು, ಹೀಗೆ ಕಂಡುಬಂದಿತು. ಯಾರು ಸಂಗ್ರಹಿಸಿದರು, ರಾತ್ರಿ ಎಷ್ಟು ಗಂಟೆಗೆ ಅಳೆದರು, ಅವತ್ತು ಊಟ ಮಾಡಿದ್ದರಾ ಅನ್ನುವುದಕ್ಕೆಲ್ಲ ಅಲ್ಲಿ ಜಾಗವಿಲ್ಲ.

ನನ್ನ ಕಪಾಟಿನಲ್ಲಿ ಗೆಳೆಯನೊಬ್ಬನ ಥೀಸಿಸ್ ಇದೆ. ಅದರ ಕೃತಜ್ಞತೆಯಲ್ಲಿ ಗೈಡ್, ಅಪ್ಪ ಅಮ್ಮ, ಹಾಸ್ಟೆಲ್ ಮೆಸ್ಸಿನ ಅಡುಗೆಯವರು, ಗೇಟಿನ ಹೊರಗಿನ ಟೀ ಅಂಗಡಿಯ ಅಣ್ಣ ಎಲ್ಲರೂ ಇದ್ದಾರೆ. ಅವರ ನಡುವೆ ಒಂದು ಸಾಲು: 'ಫೆಲೋಶಿಪ್ ಬಾರದ ಏಳು ತಿಂಗಳು ಸಾಲ ಕೊಟ್ಟು, ಆಮೇಲೆ ಕೇಳದೇ ಉಳಿದ ಸ್ನೇಹಿತರಿಗೆ.' ಫೆಲೋಶಿಪ್ ಅಂದರೆ ಸಂಶೋಧನಾ ವಿದ್ಯಾರ್ಥಿಗೆ ಖರ್ಚಿಗಾಗಿ ತಿಂಗಳು ತಿಂಗಳು ಬರಬೇಕಾದ ದುಡ್ಡು. ಸ್ನೇಹಿತರ ಹೆಸರು ಹಾಕಿಲ್ಲ. ಆ ಸ್ನೇಹಿತರಲ್ಲಿ ನಾನೂ ಒಬ್ಬ. 3,000 ರೂಪಾಯಿ. ಇನ್ನೂ ಬಂದಿಲ್ಲ, ಇರಲಿ.

ನಾನು ಬೆಂಗಳೂರಿನ ಒಂದು ಜೀವಶಾಸ್ತ್ರದ ಲ್ಯಾಬಿನಲ್ಲಿ ಕೆಲವು ವರ್ಷ ಪ್ರಾಜೆಕ್ಟ್ ಕೆಲಸ ಮಾಡಿ ಹೊರಬಂದವನು. ವಿಜ್ಞಾನಿಗಳ ಜಾಣತನದ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಹೇಳಬೇಕಿರುವುದು ಅವರ ತಿಂಗಳ ಕೊನೆಯ ಬಗ್ಗೆ, ಅವರ ಗಡಿಯಾರದ ಬಗ್ಗೆ.

2019ರ ಸೆಪ್ಟೆಂಬರ್ 7ರ ನಸುಕು ನೆನಪಿದೆ ಅಲ್ವಾ? ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯುವ ಮುನ್ನವೇ ಸಂಪರ್ಕ ಕಡಿದುಹೋಯಿತು. ಬೆಳಿಗ್ಗೆ ಇಸ್ರೋ ಅಧ್ಯಕ್ಷ ಕೆ. ಶಿವನ್ ಪ್ರಧಾನಿಯ ಹೆಗಲಿಗೆ ಒರಗಿ ಅತ್ತರು. ವಿಜ್ಞಾನಿಯೂ ಅಳುತ್ತಾನೆ ಅಂತ ಇಡೀ ದೇಶ ಟೀವಿಯಲ್ಲಿ ನೋಡಿತು. ಆ ತಂಡಕ್ಕೆ ಇನ್ನೊಂದು ಅವಕಾಶ ಸಿಕ್ಕಿತು. ನಾಲ್ಕು ವರ್ಷ ಬಿಟ್ಟು, 2023ರ ಆಗಸ್ಟ್ 23ಕ್ಕೆ ಚಂದ್ರಯಾನ-3 ಇಳಿಯಿತು. ಆ ನಾಲ್ಕು ವರ್ಷ ಅಲ್ಲಿನ ಕಾಯಂ ಎಂಜಿನಿಯರ್‌ಗಳಿಗೆ ಪ್ರತಿ ತಿಂಗಳೂ ಸಂಬಳ ಬಂತು. ಯಾಕೆ ಎಡವಿದೆವು ಅಂತ ಕೂತು ಯೋಚಿಸಲು ಹೊತ್ತು ಸಿಕ್ಕಿತು.

ನಮ್ಮ ದೇಶದ ಲ್ಯಾಬುಗಳಲ್ಲಿ ಕೈ ಕೆಸರು ಮಾಡಿಕೊಂಡು ದುಡಿಯುವ ಬಹುಪಾಲು ಜನ ಪಿಎಚ್‌ಡಿ ವಿದ್ಯಾರ್ಥಿಗಳು. ಅವರಿಗೆ ಸೋಲು ವಾರಕ್ಕೆ ಎರಡು ಸಲ. ಅದರ ಬಗ್ಗೆ ತಕರಾರಿಲ್ಲ, ಈ ಕೆಲಸವೇ ಹಾಗೆ. ಆದರೆ ಸೋತು ಇನ್ನೊಮ್ಮೆ ಮಾಡಲು ಬೇಕಾದ ಸಮಯಕ್ಕೆ ದುಡ್ಡು ಯಾರು ಕೊಡಬೇಕು ಅಂತ ಕೇಳಿದರೆ ಎಲ್ಲರೂ ಆಕಾಶ ನೋಡುತ್ತಾರೆ.

ಐದು ಮತ್ತು ಆರು

ಲೆಕ್ಕ ಸರಳ. ಸಿಎಸ್‌ಐಆರ್-ಯುಜಿಸಿ ನೆಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕವರಿಗೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ. ಆಮೇಲೆ ಎಸ್‌ಆರ್‌ಎಫ್ (ಹಿರಿಯ ಸಂಶೋಧಕರ ಫೆಲೋಶಿಪ್) ಆದರೆ 42,000. ಹಾಸ್ಟೆಲ್ ಇಲ್ಲದವರಿಗೆ ಮನೆ ಬಾಡಿಗೆ ಭತ್ಯೆ ಬೇರೆ. ಎಲ್ಲ ಸೇರಿ 5 ವರ್ಷ. ಅಲ್ಲಿಗೆ ಮುಗಿಯಿತು.

ಈಗ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ಪಿಎಚ್‌ಡಿ ನಿಯಮ ನೋಡಿ. ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಬೇಕಿದ್ದರೆ ಮರುನೋಂದಣಿ ಮಾಡಿಸಿ ಇನ್ನೂ 2 ವರ್ಷ. ಅಂದರೆ ಆರನೇ ವರ್ಷವೂ ಓದಬಹುದು ಅಂತ ಸರ್ಕಾರವೇ ಹೇಳುತ್ತದೆ. ಆರನೇ ವರ್ಷ ಏನು ತಿನ್ನಬೇಕು ಅಂತ ಹೇಳುವುದಿಲ್ಲ.

ಪ್ರಯೋಗ ಮಾಡುವ ವಿಷಯಗಳಲ್ಲಿ ಐದು ವರ್ಷಕ್ಕೆ ಮುಗಿಸಿದವರನ್ನು ನಾನು ಕಂಡಿದ್ದು ಕಡಿಮೆ. ಆರು ಮಾಮೂಲು. ಐದು ಮುಗಿದ ಮೇಲೆ ಗೈಡ್ ಪ್ರಾಜೆಕ್ಟಿನಲ್ಲಿ ದುಡ್ಡಿದ್ದರೆ ಅದರಿಂದ ಕೊಡಬಹುದು. ಕೆಲವು ಸಂಸ್ಥೆಗಳು ತಮ್ಮ ಖಾತೆಯಿಂದ ಒಂದಷ್ಟು ತಿಂಗಳು ನಡೆಸುತ್ತವೆ. ಎರಡೂ ಇಲ್ಲದಿದ್ದರೆ ಟ್ಯೂಷನ್, ಥೀಸಿಸ್ ತಿದ್ದುವ ಕೆಲಸ, ಇಲ್ಲವೇ ಮನೆಯಿಂದ ಗೂಗಲ್ ಪೇ. ಮೂವತ್ತು ದಾಟಿದ ಮಗ, ಅದೂ 'ಸೈಂಟಿಸ್ಟ್' ಅಂತ ಊರೆಲ್ಲ ಹೇಳಿಕೊಂಡ ಮಗ, ಅಪ್ಪನ ಹತ್ತಿರ ದುಡ್ಡು ಕೇಳುವಾಗ ಅವನ ದನಿ ಹೇಗಿರುತ್ತದೆ ಅಂತ ನಾನು ಕೇಳಿಸಿಕೊಂಡಿದ್ದೇನೆ. ತುಂಬಾ ಮೆಲ್ಲಗೆ ಇರುತ್ತದೆ.

ಈ 37,000ಕ್ಕೂ ಒಂದು ಚರಿತ್ರೆ ಇದೆ. 2014ರಲ್ಲಿ ಜೆಆರ್‌ಎಫ್ 16,000ದಿಂದ 25,000 ಆಯಿತು. 2019ರಲ್ಲಿ 31,000. 2023ರಲ್ಲಿ 37,000. ಸರ್ಕಾರಿ ನೌಕರರಿಗೆ ಬೆಲೆ ಏರಿದ ಹಾಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಬರುತ್ತದೆ. ಇವರಿಗೆ ಅದಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಬೋರ್ಡ್ ಹಿಡಿದು ಬೀದಿಗೆ ಬರಬೇಕು, ಆಮೇಲೆ ಒಂದು ಆದೇಶ ಹೊರಬೀಳುತ್ತದೆ. ಒಂದು ಪಿಎಚ್‌ಡಿಯಷ್ಟು ಉದ್ದದ ಅಂತರ. ಹಾಗಾಗಿ ಹೋರಾಡಿದ ಬ್ಯಾಚಿನವರು ಎಷ್ಟೋ ಸಲ ಹೆಚ್ಚಳ ಕೈಗೆ ಬರುವ ಹೊತ್ತಿಗೆ ಮನೆಗೆ ಹೊರಟಿರುತ್ತಾರೆ.

ಇದು ಸಂಬಳವೂ ಅಲ್ಲ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ತೆರಿಗೆ ಇಲ್ಲ ಅನ್ನುವುದು ನಿಜ, ಅದೊಂದು ಸಮಾಧಾನ. ಆದರೆ ಸ್ಯಾಲರಿ ಸ್ಲಿಪ್ ಕೂಡ ಇಲ್ಲ. ಬೆಂಗಳೂರಿನಲ್ಲಿ ಮನೆ ಹುಡುಕಲು ಹೋದಾಗ ಓನರ್ ಕೇಳುವ ಮೊದಲ ಪ್ರಶ್ನೆ 'ಎಲ್ಲಿ ಕೆಲಸ?' ಎರಡನೆಯದು 'ಅಡ್ವಾನ್ಸ್ ಹತ್ತು ತಿಂಗಳದ್ದು ಕೊಡ್ತೀರಾ?' ಪಿಎಚ್‌ಡಿ ಮಾಡ್ತಾ ಇದ್ದೀನಿ ಅಂದರೆ, 'ಓ, ಸ್ಟೂಡೆಂಟಾ?' ಅಂತ ಮುಖ ಸಣ್ಣಗಾಗುತ್ತದೆ. ಬ್ಯಾಂಕಿನಲ್ಲೂ ಅದೇ ಮುಖ.

ಅರಿಯರ್ಸ್ ಅನ್ನುವ ಹಬ್ಬ

ಮೊತ್ತಕ್ಕಿಂತ ಜಾಸ್ತಿ ಕಾಡುವುದು ತಡ. ಕೇಂದ್ರದ ಕೆಲವು ಫೆಲೋಶಿಪ್‌ಗಳು ತಿಂಗಳುಗಟ್ಟಲೆ ನಿಂತುಹೋಗುವುದು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಸುದ್ದಿಯಾಗಿದೆ. ಯಾಕೆ ಹೀಗಾಗುತ್ತದೆ ಅಂತ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಒಳಗೆ ನಡೆಯುವುದು ಹೀಗೆ.

ವರ್ಷದ ಕೊನೆಗೆ ವಿದ್ಯಾರ್ಥಿ ಪ್ರಗತಿ ವರದಿ ಬರೆಯಬೇಕು. ಗೈಡ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಆಡಳಿತ ಕಚೇರಿಯ ಸೀಲು. ಕಳೆದ ವರ್ಷದ ದುಡ್ಡು ಹೇಗೆ ಖರ್ಚಾಯಿತು ಅಂತ ಸಂಸ್ಥೆ ಯುಸಿ ಕಳಿಸಬೇಕು. ಯುಸಿ ಅಂದರೆ ಬಳಕೆ ಪ್ರಮಾಣಪತ್ರ. ಅದರಲ್ಲಿ ಒಂದು ಅಂಕಿ ಆಚೀಚೆ ಆದರೆ ಫೈಲು ವಾಪಸ್. ಎರಡು ವರ್ಷ ಆದಮೇಲೆ ಜೆಆರ್‌ಎಫ್‌ನಿಂದ ಎಸ್‌ಆರ್‌ಎಫ್‌ಗೆ ಏರಿಸಲು ಒಂದು ಸಮಿತಿ ಕೂರಬೇಕು. ಹೊರಗಿನ ಪರೀಕ್ಷಕರಿಗೆ ಬಿಡುವಾಗಬೇಕು. ಅದಾಗುವ ತನಕ ಹಳೇ ದರವೇ. ಇದರ ಮೇಲೆ ಹಣ ಬಿಡುಗಡೆಯ ಖಾತೆ ಪದ್ಧತಿ ಬದಲಾಯಿತು ಅಂದರೆ ಮುಗಿದೇ ಹೋಯಿತು, ಯಾವ ಪೋರ್ಟಲ್‌ನಲ್ಲಿ ಯಾರ ಹೆಸರು ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕುವುದೇ ಒಂದು ಸಂಶೋಧನೆ.

ಕೊನೆಗೊಂದು ದಿನ ಎಲ್ಲ ಒಟ್ಟಿಗೆ ಬರುತ್ತದೆ. ಅರಿಯರ್ಸ್! ಅವತ್ತು ಹಾಸ್ಟೆಲಿನಲ್ಲಿ ಬಿರಿಯಾನಿ. ಸಾಲ ತೀರಿಸುವ ಸರದಿ. ಮಾರನೇ ದಿನ ಮತ್ತೆ ಅದೇ ಪೋರ್ಟಲ್. ಬಡ್ಡಿ ಯಾರೂ ಕೊಡುವುದಿಲ್ಲ. ವಿದ್ಯುತ್ ಬಿಲ್ ತಡವಾದರೆ ನಮಗೆ ಬಡ್ಡಿ ಹಾಕುತ್ತಾರೆ ಅನ್ನುವುದನ್ನು ಸುಮ್ನೆ ಜ್ಞಾಪಿಸುತ್ತಿದ್ದೇನೆ.

ಈ ತಡ ಎಲ್ಲರಿಗೂ ಒಂದೇ ತರ ತಟ್ಟುವುದಿಲ್ಲ. ಮಲ್ಲೇಶ್ವರದಲ್ಲಿ ಅಪ್ಪನ ಮನೆ ಇರುವವರು ಹೇಗೋ ತಡೆದುಕೊಳ್ಳುತ್ತಾರೆ. ಊರಲ್ಲಿ ಎರಡೆಕರೆ ಹೊಲ, ಓದುತ್ತಿರುವ ತಂಗಿ, ಪ್ರತಿ ತಿಂಗಳು ಫೆಲೋಶಿಪ್‌ನಿಂದ ಹತ್ತು ಸಾವಿರ ಮನೆಗೆ ಕಳಿಸುವವನ ಕಥೆ ಬೇರೆ. ಅವನು ಕನ್ನಡ ಮೀಡಿಯಂನಲ್ಲಿ ಓದಿ ಬಂದಿರುತ್ತಾನೆ. ಮೊದಲ ಜರ್ನಲ್ ಕ್ಲಬ್‌ನಲ್ಲಿ, ಅಂದರೆ ಸಂಶೋಧನಾ ಲೇಖನಗಳನ್ನು ಚರ್ಚಿಸುವ ಸಭೆಯಲ್ಲಿ, ಇಂಗ್ಲಿಷ್‌ನಲ್ಲಿ ಮಾತಾಡಲು ನಿಂತಾಗ ಗಂಟಲು ಒಣಗುತ್ತದೆ. ನನಗೂ ಒಣಗಿತ್ತು. ವಿಷಯ ಗೊತ್ತಿತ್ತು, ವಾಕ್ಯ ಬರುತ್ತಿರಲಿಲ್ಲ. ಇಂಥವರು ಮೂರನೇ ವರ್ಷದ ಹೊತ್ತಿಗೆ ಚೆನ್ನಾಗಿ ಕುದುರಿಕೊಳ್ಳುತ್ತಾರೆ. ಅಷ್ಟರಲ್ಲಿ ಗಡಿಯಾರದ ಅರ್ಧ ಓಡಿರುತ್ತದೆ.

ಸೋಮವಾರ ಬೆಳಿಗ್ಗೆ

ಇಷ್ಟು ವರ್ಷ ಏನು ಮಾಡ್ತಾರೆ ಅಂತ ಅನ್ನಿಸಬಹುದು. ಒಂದು ಬೆಳಗನ್ನು ಹೇಳುತ್ತೇನೆ.

ನಮ್ಮ ಲ್ಯಾಬಿನಲ್ಲಿ ಒಬ್ಬ ಗೆಳತಿ ಮನುಷ್ಯರ ಜೀವಕೋಶಗಳನ್ನು ಫ್ಲಾಸ್ಕ್‌ಗಳಲ್ಲಿ ಬೆಳೆಸುತ್ತಿದ್ದಳು. ಅವು ಬೆಳೆಯುವ ದ್ರವಕ್ಕೆ ನಾವು ಮೀಡಿಯಾ ಅನ್ನುತ್ತಿದ್ದೆವು. ಅದಕ್ಕೆ ಫಿನಾಲ್ ರೆಡ್ ಅನ್ನುವ ಬಣ್ಣ ಬೆರೆಸಿರುತ್ತಾರೆ. ಎಲ್ಲ ಸರಿಯಿದ್ದರೆ ಕೆಂಪು. ಬ್ಯಾಕ್ಟೀರಿಯಾ ಸೇರಿ ಹುಳಿ ಏರಿತೋ, ಹಳದಿ. ಸೋಮವಾರ ಎಂಟೂವರೆಗೆ ಬಂದು ಇನ್‌ಕ್ಯುಬೇಟರ್ ಬಾಗಿಲು ತೆಗೆದಳು. ಹನ್ನೆರಡು ಫ್ಲಾಸ್ಕ್‌ನಲ್ಲಿ ಒಂಬತ್ತು ಹಳದಿ. ಬೆಳಕಿಗೆ ಹಿಡಿದರೆ ನೀರು ಮಜ್ಜಿಗೆಯ ಹಾಗೆ ಮಂಕು. ನಾಲ್ಕು ತಿಂಗಳು ಔಷಧ ಹಾಕಿ ಹಾಕಿ ಬದುಕುಳಿದವನ್ನು ಮಾತ್ರ ಆರಿಸಿ ಬೆಳೆಸಿದ ಕೋಶಗಳು ಅವು.

ಅವಳು ಏನೂ ಮಾತಾಡಲಿಲ್ಲ. ಉಳಿದ ಮೂರನ್ನೂ ಸೇರಿಸಿ ಎಲ್ಲದಕ್ಕೂ ಬ್ಲೀಚ್ ಸುರಿದಳು, ಯಾಕೆಂದರೆ ಆ ಮೂರನ್ನೂ ನಂಬುವ ಹಾಗಿಲ್ಲ. ಕೋಶಗಳ ಕೆಲಸ ಮಾಡುವ ಶುದ್ಧ ಗಾಳಿಯ ಪೆಟ್ಟಿಗೆ, ಹುಡ್, ಒರೆಸಿದಳು. ಇನ್‌ಕ್ಯುಬೇಟರ್ ಖಾಲಿ ಮಾಡಿ ಸ್ಪಿರಿಟ್‌ನಿಂದ ಒರೆಸಿದಳು. ಆಮೇಲೆ ಕಾರಿಡಾರಿಗೆ ಹೋಗಿ ಫೋನ್ ಎತ್ತಿ, 'ಹ್ಞೂಂ ಅಮ್ಮ, ತಿಂಡಿ ಆಯ್ತು. ಎಲ್ಲ ಚೆನ್ನಾಗಿದೆ' ಅಂದಳು. ತಿಂಡಿ ಆಗಿರಲಿಲ್ಲ.

ಆ ನಾಲ್ಕು ತಿಂಗಳು ಥೀಸಿಸ್‌ನಲ್ಲಿ ಎಲ್ಲೂ ಇಲ್ಲ. ಪ್ರಗತಿ ವರದಿಯಲ್ಲಿ 'ಪ್ರಯೋಗಗಳು ನಡೆಯುತ್ತಿವೆ' ಅಂತ ಒಂದು ಸಾಲು. ಎಲ್ಲರ ಪಿಎಚ್‌ಡಿಯಲ್ಲೂ ಇಂಥ ಕಾಣೆಯಾದ ತಿಂಗಳುಗಳಿವೆ. ಎಲ್ಲ ಕೂಡಿಸಿದರೆ ಆ ಆರನೇ ವರ್ಷ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಕೆಲವು ತಿಂಗಳು ಲ್ಯಾಬಿನ ಹೊರಗೇ ಕಳೆದುಹೋಗುತ್ತವೆ. ಆಂಟಿಬಾಡಿ, ಕಿಣ್ವ, ಯಂತ್ರದ ಬಿಡಿಭಾಗ ಮುಂತಾದವು ಬಹಳಷ್ಟು ವಿದೇಶದಿಂದ ಬರಬೇಕು. 2024ರ ಜುಲೈ ಬಜೆಟ್‌ನಲ್ಲಿ ಲ್ಯಾಬ್ ರಾಸಾಯನಿಕಗಳ ಆಮದು ಸುಂಕ ಶೇ. 10ರಿಂದ ಒಮ್ಮೆಲೇ ಶೇ. 150ಕ್ಕೆ ಏರಿತು. ಗದ್ದಲ ಎದ್ದ ಮೇಲೆ ಕೆಲವೇ ದಿನಗಳಲ್ಲಿ ಹಳೇ ದರಕ್ಕೆ ಬಂತು. ಆ ಕೆಲವು ದಿನ ದೇಶದ ಲ್ಯಾಬುಗಳಲ್ಲಿ ಆರ್ಡರ್ ಹಾಕಿದ್ದವರ ಸ್ಥಿತಿ ಹೇಗಿದ್ದಿರಬಹುದು ಊಹಿಸಿ. 2025ರ ಜೂನ್‌ನಲ್ಲಿ ಖರೀದಿ ನಿಯಮ ಸಡಿಲಿಸಿದರು. ಕೊಟೇಶನ್ ಇಲ್ಲದೆ ನೇರವಾಗಿ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿತು. ಇದು ನಿಜಕ್ಕೂ ಒಳ್ಳೆಯ ಕೆಲಸ. ಕಚೇರಿಯ ಕೌಂಟರಿನಲ್ಲಿ ಮೂರು ಕೊಟೇಶನ್ ಹಿಡಿದು ನಿಂತವರಿಗೆ ಅದರ ಬೆಲೆ ಗೊತ್ತು.

ಎರಡು ತಿಂಗಳ ಸೊನ್ನೆ

ಇದಕ್ಕೆ ಪೂರ್ತಿ ಬೇರೆಯದೊಂದು ಕಾಲವೂ ನಮ್ಮ ರಾಜ್ಯದಲ್ಲೇ ಇತ್ತು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಕೋಲಾರದ ಚಿನ್ನದ ಗಣಿಗೆ ಬಂದರು. ಆಕಾಶದಿಂದ ಬೀಳುವ ಕಾಸ್ಮಿಕ್ ಕಿರಣಗಳ ಮ್ಯುವಾನ್ ಕಣಗಳು ನೆಲದೊಳಗೆ ಎಷ್ಟು ಆಳದವರೆಗೆ ಇಳಿಯುತ್ತವೆ ಅಂತ ಅಳೆಯುವುದು ಕೆಲಸ. ಆಳಕ್ಕೆ ಹೋದಷ್ಟೂ ಕಣಗಳು ಕಡಿಮೆಯಾಗುತ್ತವೆ. ಅಳತೆ ಮುಂದುವರಿಯಿತು. 1960ರ ದಶಕದ ಆರಂಭದಲ್ಲಿ ತಂಡದವರು ಅತಿ ಆಳದ ಹಂತವೊಂದರಲ್ಲಿ, ಎರಡೂವರೆ ಕಿಲೋಮೀಟರಿಗಿಂತ ಕೆಳಗೆ, ಉಪಕರಣ ಇಟ್ಟು ಎರಡು ತಿಂಗಳು ಕಾದರು.

ಬಿದ್ದ ಕಣಗಳು: ಸೊನ್ನೆ.

ಇವತ್ತಿನ ಪ್ರಗತಿ ವರದಿಯಲ್ಲಿ ಇದನ್ನು ಬರೆದರೆ ಸಮಿತಿ ಏನನ್ನುತ್ತದೆ? 'ಎರಡು ತಿಂಗಳು ಏನು ಮಾಡಿದಿರಿ?' ಕೋಲಾರದ ತಂಡಕ್ಕೆ ಮಾತ್ರ ಆ ಸೊನ್ನೆ ಒಂದು ಸುದ್ದಿ ಹೇಳಿತು. ಇಲ್ಲಿ ಇಷ್ಟು ಮೌನ ಇದೆ ಅಂದರೆ, ಬಂಡೆಯನ್ನು ಲೆಕ್ಕಕ್ಕೇ ಇಡದ ನ್ಯೂಟ್ರಿನೋ ಕಣದ ಸುಳಿವನ್ನು ಹಿಡಿಯಲು ಇದಕ್ಕಿಂತ ಒಳ್ಳೆ ಜಾಗ ಬೇಕಾ? ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಜೊತೆಯಾದರು. 1965ರಲ್ಲಿ ಕೆಜಿಎಫ್ ತಂಡ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತನ್ನು ಪ್ರಕಟಿಸಿತು. ಜಗತ್ತಿನಲ್ಲೇ ಮೊದಲ ಸಾಲಿನ ಸಾಧನೆ ಅದು. ಆ ಸೆಕೆ, ಆ ಕತ್ತಲಲ್ಲಿ ದಿನಾ ಗಣಿಯ ಲಿಫ್ಟಿನಲ್ಲಿ ಇಳಿದು ಹತ್ತಿದವರಿಗೆ ಮುಂದಿನ ಮಾರ್ಚ್‌ಗೆ ಫೆಲೋಶಿಪ್ ಮುಗಿಯುತ್ತದೆ ಅನ್ನುವ ಭಯ ಇದ್ದಿದ್ದರೆ, ಉಪಕರಣವನ್ನು ಕಣಗಳು ಧಾರಾಳ ಸಿಗುವ ಮೇಲಿನ ಹಂತಕ್ಕೇ ಒಯ್ದಿರುತ್ತಿದ್ದರು ಅಂತ ನನಗೆ ಅನುಮಾನ.

ಈಗ ಲ್ಯಾಬುಗಳಲ್ಲಿ ನಡೆಯುವುದು ಅದೇ. ಮೂರು ವರ್ಷದ ಪ್ರಾಜೆಕ್ಟಿಗೆ ಮೂರು ವರ್ಷದಲ್ಲಿ ಉತ್ತರ ಬರುವ ಪ್ರಶ್ನೆಯನ್ನೇ ಆರಿಸುತ್ತಾರೆ. ಅರ್ಧ ಉತ್ತರ ಮೊದಲೇ ಗೊತ್ತಿದ್ದರೆ ಇನ್ನೂ ಒಳ್ಳೆಯದು. ತಪ್ಪು ಅವರದ್ದಲ್ಲ.

ಗೈಡ್‌ಗಳನ್ನೂ ಇಲ್ಲಿ ನೆನೆಯಬೇಕು. ವಿದ್ಯಾರ್ಥಿಗಳ ಕ್ಯಾಂಟೀನ್ ಮಾತಲ್ಲಿ ಗೈಡ್ ಯಾವಾಗಲೂ ಖಳನಾಯಕ. ಕೆಲವರು ನಿಜವಾಗಲೂ ಹಾಗಿರುತ್ತಾರೆ. ಭಾನುವಾರ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿ 'ನಾಳೆ ಡೇಟಾ ತೋರಿಸು' ಅನ್ನುತ್ತಾರೆ. ಅವರ ಒಂದು ಶಿಫಾರಸು ಪತ್ರದ ಮೇಲೆ ನಿಮ್ಮ ಮುಂದಿನ ಹತ್ತು ವರ್ಷ ನಿಂತಿರುವುದರಿಂದ ಎದುರು ಮಾತಾಡುವ ಹಾಗಿಲ್ಲ. ಆದರೆ ಅವರು ಎಲ್ಲಿಂದ ಬಂದವರು ನೋಡಿ. ಹತ್ತು ಹನ್ನೆರಡು ವರ್ಷ ಪ್ರಯೋಗ ಮಾಡುವುದನ್ನು ಮಾತ್ರ ಕಲಿತವರು. ಒಂದು ದಿನ ಕೆಲಸ ಸಿಗುತ್ತದೆ. ಮಾರನೇ ದಿನದಿಂದ ಅವರು ಲೆಕ್ಕಿಗ, ಮೇಸ್ತ್ರಿ, ಅರ್ಜಿ ಬರೆಯುವವ, ಎಂಟು ಜನ ಹುಡುಗ ಹುಡುಗಿಯರಿಗೆ ಅರ್ಧ ಪೋಷಕ. ಮನುಷ್ಯರನ್ನು ಸಂಭಾಳಿಸುವುದು ಹೇಗೆ ಅಂತ ಬಹುಪಾಲು ಜನಕ್ಕೆ ಯಾರೂ ಹೇಳಿಕೊಟ್ಟಿರುವುದಿಲ್ಲ. ನಮ್ಮ ಲ್ಯಾಬಿನ ಮೇಷ್ಟ್ರು ಗ್ರಾಂಟ್ ತಿರಸ್ಕಾರದ ಪತ್ರ ಬಂದ ದಿನ ಬಾಗಿಲು ಹಾಕಿಕೊಂಡು ಕೂತಿದ್ದರು. ಸಂಜೆ ಹೊರಬಂದು ಎಲ್ಲರಿಗೂ ಖಾರಾ ಬನ್ ತರಿಸಿದರು. ಪತ್ರದ ವಿಷಯ ನಮಗೆ ಗೊತ್ತಾಗಿದ್ದು ಆರು ತಿಂಗಳ ಮೇಲೆ, ಇಬ್ಬರ ಪ್ರಾಜೆಕ್ಟ್ ಸಂಬಳ ನಿಂತಾಗ.

ತಲೆಯೊಳಗೆ

2018ರಲ್ಲಿ 'ನೇಚರ್ ಬಯೋಟೆಕ್ನಾಲಜಿ' ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಬಂತು. 26 ದೇಶಗಳ 2,279 ಜನ, ಹೆಚ್ಚಿನವರು ಪಿಎಚ್‌ಡಿ ವಿದ್ಯಾರ್ಥಿಗಳು, ಉತ್ತರಿಸಿದ್ದರು. ಶೇ. 41 ಜನರಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ಆತಂಕ, ಶೇ. 39 ಜನರಲ್ಲಿ ಖಿನ್ನತೆಯ ಲಕ್ಷಣ ಕಂಡಿತು. ಸಾಮಾನ್ಯ ಜನರಿಗಿಂತ ಆರು ಪಟ್ಟು ಜಾಸ್ತಿ ಅಂತ ಅದು ಹೇಳಿತು. ಈ ಅಂಕಿಯನ್ನು ಸ್ವಲ್ಪ ಹುಷಾರಾಗಿ ಓದಬೇಕು. ಸಮೀಕ್ಷೆ ಇಮೇಲ್ ಮತ್ತು ಸೋಷಿಯಲ್ ಮೀಡಿಯಾ ಮೂಲಕ ಹೋಯಿತು. ಕಷ್ಟದಲ್ಲಿರುವವರೇ ಇಂಥದ್ದಕ್ಕೆ ಜಾಸ್ತಿ ಉತ್ತರಿಸುವ ಸಾಧ್ಯತೆ ಇದೆ. ಆರು ಪಟ್ಟು ಅನ್ನುವುದು ಮೂರು ಪಟ್ಟೇ ಇರಬಹುದು. ಹಾಗಿದ್ದರೂ ಅದು ಸಣ್ಣ ವಿಷಯವಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬೇರೆ ಕೆಲಸದಲ್ಲಿ ದಿನದ ಕೊನೆಗೆ ಏನೋ ಒಂದು ಮುಗಿದಿರುತ್ತದೆ. ಬಡಗಿಗೆ ಒಂದು ಕುರ್ಚಿ, ಮೇಷ್ಟರಿಗೆ ಒಂದು ಪಾಠ. ಇಲ್ಲಿ ಆರು ತಿಂಗಳು ದುಡಿದು 'ಇದು ಹಾಗಲ್ಲ' ಅಂತ ಗೊತ್ತಾದರೆ ಅದನ್ನು ತೋರಿಸುವ ಜಾಗ ಇಲ್ಲ. ಆಗದೇ ಇದ್ದ ಪ್ರಯೋಗವನ್ನು ಜರ್ನಲ್‌ಗಳು ಅಚ್ಚು ಹಾಕುವುದು ತೀರಾ ಅಪರೂಪ. ಹಾಗಾಗಿ ಪ್ರಯೋಗ ಸೋತಾಗ ನಾನೇ ಸೋತೆ ಅನ್ನಿಸತೊಡಗುತ್ತದೆ. ಊರಿಂದ ಫೋನ್ ಬಂದರೆ, 'ಏನ್ ಮಗಾ, ಇನ್ನೂ ಮುಗಿಲಿಲ್ವಾ ನಿನ್ ಓದು? ರಾಜಣ್ಣನ ಮಗ ಕಾರ್ ತಗೊಂಡ' ಅನ್ನುವ ಮಾತು. ಅಮ್ಮ ಚುಚ್ಚಲು ಹೇಳಿದ್ದಲ್ಲ, ಸುದ್ದಿ ಹೇಳಿದ್ದು. ಆದರೂ ಚುಚ್ಚುತ್ತದೆ.

ಈಗ ಕ್ಯಾಂಪಸ್‌ಗಳಲ್ಲಿ ಕೌನ್ಸೆಲರ್‌ಗಳು ಮೊದಲಿಗಿಂತ ಹೆಚ್ಚು ಕಾಣುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ, ನಿಮ್ಹಾನ್ಸ್ ಮುಂದಾಳತ್ವದ ಟೆಲಿ-ಮಾನಸ್‌ಗೆ 14416 ಒತ್ತಿದರೆ ಕನ್ನಡದಲ್ಲೇ ಮಾತಾಡಬಹುದು. ಇದನ್ನು ಫ್ರಿಜ್ ಮೇಲೆ ಅಂಟಿಸಿಕೊಳ್ಳಿ ಅಂತ ಎಲ್ಲ ಲ್ಯಾಬ್ ಹುಡುಗರಿಗೂ ಹೇಳುತ್ತೇನೆ. ಒಂದು ಕೊಂಕೂ ಇದೆ. ಏಳು ತಿಂಗಳಿಂದ ದುಡ್ಡು ಬಾರದವನಿಗೆ ಯೋಗ ಕಾರ್ಯಾಗಾರ ಇಟ್ಟರೆ ಅವನು ಬರುವುದು ಕೊನೆಯಲ್ಲಿ ಕೊಡುವ ಊಟಕ್ಕೆ.

ಅನ್ನಾ ಮಣಿಯ ಪುಸ್ತಕ

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಬೈಂಡ್ ಮಾಡಿದ ಹಳೇ ಥೀಸಿಸ್‌ಗಳ ಜೊತೆ ಒಂದು ಥೀಸಿಸ್ ಇದೆ, ಅದಕ್ಕೆ ಪಿಎಚ್‌ಡಿ ಸಿಗಲಿಲ್ಲ. ಅದು ಅನ್ನಾ ಮಣಿಯವರದ್ದು. ತಿರುವಾಂಕೂರಿನ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದವರು. 1940ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ, ಸಿ.ವಿ. ರಾಮನ್ ಅವರ ಲ್ಯಾಬಿಗೆ ಬಂದರು. ವಜ್ರ, ಮಾಣಿಕ್ಯಗಳು ಹೊಮ್ಮಿಸುವ ಬೆಳಕನ್ನು ಫೋಟೋ ಪ್ಲೇಟ್ ಮೇಲೆ ಹಿಡಿಯುವುದು ಅವರ ಕೆಲಸ. ಒಂದೊಂದು ಪ್ಲೇಟಿಗೆ 15ರಿಂದ 20 ಗಂಟೆ ಬೆಳಕು ಬೀಳಬೇಕು. ಎಷ್ಟೋ ರಾತ್ರಿ ಲ್ಯಾಬಿನಲ್ಲೇ ಕಳೆದರು. 1942ರಿಂದ 1945ರ ನಡುವೆ ಒಬ್ಬರೇ ಬರೆದ ಐದು ಲೇಖನಗಳು ಅಚ್ಚಾದವು. 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಥೀಸಿಸ್ ಕೊಟ್ಟರು. ಎಂಎಸ್ಸಿ ಇಲ್ಲ ಅಂತ ಪದವಿ ಕೊಡಲಿಲ್ಲ. ಅವರು ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳನ್ನು ಕಲಿತು ಬಂದು, ದೇಶದ ಹವಾಮಾನ ಇಲಾಖೆಯಲ್ಲಿ ಬಹಳ ಎತ್ತರಕ್ಕೆ ಏರಿದರು. ಕೊನೆಯವರೆಗೂ ಡಾಕ್ಟರ್ ಆಗಲಿಲ್ಲ.

ಅನ್ನಾ ಮಣಿ ಅಲ್ಲಿಗೆ ಬರುವ ಏಳು ವರ್ಷ ಮುಂಚೆ, 1933ರಲ್ಲಿ, ಅದೇ ವಿಜ್ಞಾನ ಸಂಸ್ಥೆಯಲ್ಲಿ, ಮುಂದೆ ಜೀವರಸಾಯನ ವಿಜ್ಞಾನಿಯಾದ ಕಮಲಾ ಸೊಹೊನಿಗೆ ರಾಮನ್ ಮೊದಲು ಸೀಟೇ ಕೊಡಲಿಲ್ಲ. ಹೆಣ್ಣು ಅನ್ನುವುದೇ ಕಾರಣ. ಆಕೆ ಹಟ ಹಿಡಿದರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಇರಬೇಕು, ಗಂಡಸರ ಗಮನ ಕೆಡಿಸಬಾರದು ಅನ್ನುವಂಥ ಷರತ್ತುಗಳ ಮೇಲೆ ಒಳಗೆ ಬಿಟ್ಟರು. ಆಕೆ 1939ರಲ್ಲಿ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಪಡೆದರು.

ಈಗ ಅಂಥ ಷರತ್ತು ಯಾರೂ ಬರೆಯುವುದಿಲ್ಲ. ಬರೆಯುವ ಅಗತ್ಯವೂ ಇಲ್ಲ, ಗಡಿಯಾರವೇ ಆ ಕೆಲಸ ಮಾಡುತ್ತದೆ. ಎಂಎಸ್ಸಿ ತರಗತಿಗಳಲ್ಲಿ ಹುಡುಗಿಯರದೇ ಕಲರವ. 2018ರ ಸರ್ಕಾರಿ ಲೆಕ್ಕದಲ್ಲಿ ಸಂಶೋಧನೆಯಲ್ಲಿ ನೇರವಾಗಿ ತೊಡಗಿದವರ ಪೈಕಿ ಹೆಂಗಸರು ಶೇ. 16.6. ಅಂದರೆ ಆರರಲ್ಲಿ ಒಬ್ಬರು. ಪಿಎಚ್‌ಡಿ ಮುಗಿಯುವುದು ಮೂವತ್ತರ ಹತ್ತಿರ. ಮದುವೆ, ಮಗು, ವಿದೇಶದ ಪೋಸ್ಟ್‌ಡಾಕ್ (ಪಿಎಚ್‌ಡಿ ಆದಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ), ಕಾಯಂ ಕೆಲಸದ ಅರ್ಜಿ ಎಲ್ಲವೂ ಬಂದು ಬೀಳುವುದು ಆ ಐದಾರು ವರ್ಷಗಳಲ್ಲೇ. ಪಿಎಚ್‌ಡಿ ನಿಯಮದಲ್ಲಿ 240 ದಿನಗಳ ಹೆರಿಗೆ ಮತ್ತು ಮಗು ಆರೈಕೆ ರಜೆ ಇದೆ. ಹೆಂಗಸರಿಗೆ ಹೆಚ್ಚುವರಿ 2 ವರ್ಷವೂ ಇದೆ. ಆ 2 ವರ್ಷಕ್ಕೂ ಹಣ ಎಲ್ಲಿಂದ ಅನ್ನುವ ಪ್ರಶ್ನೆಗೆ ಮತ್ತೆ ಅದೇ ಆಕಾಶ. ಗಂಡ ಹೆಂಡತಿ ಇಬ್ಬರೂ ವಿಜ್ಞಾನಿಗಳಾದರೆ ಇಬ್ಬರಿಗೂ ಒಂದೇ ಊರಲ್ಲಿ ಕೆಲಸ ಸಿಗುವುದು ಲಾಟರಿ ಹೊಡೆದ ಹಾಗೆ. ಯಾರಾದರೂ ಒಬ್ಬರು ಬಿಡಬೇಕಾದಾಗ ಯಾರು ಬಿಡುತ್ತಾರೆ ಅಂತ ನಾನು ಹೇಳಬೇಕಾಗಿಲ್ಲ. ಆ ಸೋಮವಾರದ ಗೆಳತಿ ಈಗ ಮೈಸೂರಿನಲ್ಲಿ ಕೋಚಿಂಗ್ ಕ್ಲಾಸಿನಲ್ಲಿ ನೀಟ್ ಪಾಠ ಮಾಡುತ್ತಾಳೆ. ಸಂಬಳ ಒಂದನೇ ತಾರೀಖಿಗೆ ಬರುತ್ತದೆ ಅಂತ ಖುಷಿಯಾಗಿ ಹೇಳಿದಳು.

ಹಸಿರು ಬೆಳಕು

ಮುಗಿಸಿದವರ ಮುಂದೆ ಇನ್ನೊಂದು ಗೋಡೆ: ವಯಸ್ಸು. ಕಾಯಂ ಬೋಧಕ ಹುದ್ದೆಯ ಎಷ್ಟೋ ಜಾಹೀರಾತುಗಳಲ್ಲಿ 35ರೊಳಗಿದ್ದರೆ ಒಳ್ಳೆಯದು ಅನ್ನುವ ಸಾಲಿರುತ್ತದೆ. ಆರು ವರ್ಷ ಪಿಎಚ್‌ಡಿ, ನಾಲ್ಕೈದು ವರ್ಷ ಪೋಸ್ಟ್‌ಡಾಕ್ ಸೇರಿಸಿ ನೋಡಿ. ಎಲ್ಲೂ ಎಡವದೆ, ಯಾರಿಗೂ ಹುಷಾರು ತಪ್ಪದೆ, ಯಾವ ಫ್ಲಾಸ್ಕೂ ಹಳದಿ ಆಗದೆ ಬಂದರೆ 35ಕ್ಕೆ ಸರಿಯಾಗಿ ಬಾಗಿಲ ಮುಂದೆ ನಿಂತಿರುತ್ತೀರಿ.

ಬಾಗಿಲು ತೆರೆಯದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಡಗ್ಲಸ್ ಪ್ರ್ಯಾಷರ್ ಕಥೆ ನನಗೆ ಯಾವಾಗಲೂ ನೆನಪಾಗುತ್ತದೆ. ಒಂದು ಜಾತಿಯ ಜೆಲ್ಲಿ ಮೀನಿನಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನ್ ಇದೆ. ಅದರ ಜೀನನ್ನು ಬೇರ್ಪಡಿಸಿ 1992ರಲ್ಲಿ ಪ್ರಕಟಿಸಿದವರು ಇವರು. ಮುಂದಿನ ಕೆಲಸಕ್ಕೆ ಅನುದಾನ ಸಿಗಲಿಲ್ಲ. ಜೀನನ್ನು ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಚಿಯೆನ್‌ಗೆ ಕಳಿಸಿಕೊಟ್ಟು, ಆ ಕೆಲಸ ಬಿಟ್ಟರು. 2008ರಲ್ಲಿ ಆ ಪ್ರೋಟೀನ್‌ಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಒಸಾಮು ಶಿಮೊಮುರಾ, ಚಾಲ್ಫಿ, ಚಿಯೆನ್ ಹಂಚಿಕೊಂಡರು. ಅವತ್ತು ಪ್ರ್ಯಾಷರ್ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಒಬ್ಬ ಕಾರ್ ಡೀಲರ್ ಬಳಿ ಗಿರಾಕಿಗಳನ್ನು ಮನೆಗೆ ಬಿಟ್ಟು ಬರುವ ವ್ಯಾನ್ ಓಡಿಸುತ್ತಿದ್ದರು. ಚಾಲ್ಫಿ, ಚಿಯೆನ್ ದೊಡ್ಡ ಮನಸ್ಸು ಮಾಡಿ ಅವರನ್ನು ಸ್ಟಾಕ್‌ಹೋಮ್‌ಗೆ ಕರೆಸಿಕೊಂಡರು. ಆಮೇಲೆ ಚಿಯೆನ್ ತಮ್ಮ ಲ್ಯಾಬಿನಲ್ಲೇ ಕೆಲಸವನ್ನೂ ಕೊಟ್ಟರು.

ಆ ಹಸಿರು ಪ್ರೋಟೀನ್ ಇಲ್ಲದ ಜೀವಶಾಸ್ತ್ರದ ಲ್ಯಾಬ್ ಬೆಂಗಳೂರಿನಲ್ಲಿ ಹುಡುಕುವುದು ಕಷ್ಟ. ಮೈಕ್ರೋಸ್ಕೋಪ್ ಕೋಣೆಯ ಕತ್ತಲಲ್ಲಿ ಕೂತು ಮೊದಲ ಸಲ ಕೋಶವೊಂದು ಹಸಿರಾಗಿ ಬೆಳಗಿದ್ದನ್ನು ನೋಡಿದ ರಾತ್ರಿ ನನಗೆ ಇನ್ನೂ ನೆನಪಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಯಾರಿಗಾದರೂ ಹೇಳಬೇಕು ಅನ್ನಿಸಿ ಕೆಳಗೆ ಹೋಗಿ ಸೆಕ್ಯುರಿಟಿ ಅಣ್ಣನಿಗೆ ಹೇಳಿದೆ. 'ಹೌದಾ ಸಾರ್, ಒಳ್ಳೇದಾಯ್ತು. ಟೀ ಕುಡೀತೀರಾ?' ಅಂದರು. ಇಷ್ಟೆಲ್ಲ ಕಷ್ಟ ಇದ್ದೂ ಜನ ಯಾಕೆ ಈ ಕೆಲಸಕ್ಕೆ ಬರುತ್ತಾರೆ ಅಂತ ಕೇಳುವವರಿಗೆ ನನ್ನ ಹತ್ತಿರ ಇರುವ ಉತ್ತರ ಆ ರಾತ್ರಿ ಒಂದೇ. ಆ ಖುಷಿಯನ್ನೇ ನೆಚ್ಚಿಕೊಂಡು ವ್ಯವಸ್ಥೆ ಕಡಿಮೆ ದುಡ್ಡಿಗೆ ದುಡಿಸಿಕೊಳ್ಳುತ್ತದೆ ಅನ್ನುವುದೂ ಅಷ್ಟೇ ನಿಜ.

ಐದು ಲಕ್ಷದ ಲೆಕ್ಕ

ಕೊನೆಯದಾಗಿ ಒಂದು ಕೂಡಿಸುವ ಲೆಕ್ಕ. 37,000ದಂತೆ 24 ತಿಂಗಳು: 8,88,000 ರೂಪಾಯಿ. 42,000ದಂತೆ 36 ತಿಂಗಳು: 15,12,000. ಬಾಡಿಗೆ ಭತ್ಯೆ ಬಿಟ್ಟು ಒಬ್ಬ ವಿದ್ಯಾರ್ಥಿಯ ಮೇಲೆ ಐದು ವರ್ಷದಲ್ಲಿ ಸರ್ಕಾರ ಹಾಕುವ ಫೆಲೋಶಿಪ್ ಸರಿಯಾಗಿ 24 ಲಕ್ಷ. ಆರನೇ ವರ್ಷಕ್ಕೂ ಕೊಟ್ಟರೆ ಇನ್ನೂ 5,04,000. ಐದು ಲಕ್ಷ ಉಳಿಸಲು ಹೋಗಿ 24 ಲಕ್ಷದ ಕೆಲಸವನ್ನು ಕೊನೇ ಮೆಟ್ಟಿಲಲ್ಲಿ ಕೈಬಿಡುವುದು ಯಾವ ಅಂಗಡಿ ಲೆಕ್ಕ? ನಮ್ಮೂರ ಶೆಟ್ಟರಂತೂ ಇಂಥ ವ್ಯಾಪಾರ ಮಾಡಲಾರರು.

ದುಡ್ಡಿಲ್ಲ ಅನ್ನುವ ಮಾತು ಅರ್ಧ ನಿಜ. ದೇಶ ಸಂಶೋಧನೆಗೆ ಖರ್ಚು ಮಾಡುವುದು ಜಿಡಿಪಿಯ ಶೇ. 0.64 ಮಾತ್ರ. ಆದರೆ ದೊಡ್ಡ ಅಂಕಿಗಳಿಗೇನೂ ಬರವಿಲ್ಲ. 2023ರ ಕಾಯ್ದೆಯಡಿ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷದಲ್ಲಿ 50,000 ಕೋಟಿ ರೂಪಾಯಿ ಅಂತ ಹೇಳಿದರು. ಅದರ ಬಹುಪಾಲು ಖಾಸಗಿಯವರಿಂದ ಬರಬೇಕು. 2025ರ ಜುಲೈನಲ್ಲಿ ಖಾಸಗಿ ಕಂಪನಿಗಳ ಸಂಶೋಧನೆಗೆ ಕಡಿಮೆ ಬಡ್ಡಿಯ ಸಾಲ ಮತ್ತಿತರ ನೆರವು ಕೊಡಲು 1 ಲಕ್ಷ ಕೋಟಿಯ ನಿಧಿಗೆ ಸಂಪುಟ ಒಪ್ಪಿತು. ಒಳ್ಳೆಯದೇ. ಕಂಪನಿಗಳಿಗೆ ಸೋತು ಗೆಲ್ಲಲು ಸಮಯ ಬೇಕು ಅಂತ ಒಪ್ಪಿಕೊಂಡ ಹಾಗಾಯಿತು. ಅದೇ ಮಾತನ್ನು ಹಾಸ್ಟೆಲ್ ರೂಮಿನ ಹುಡುಗಿಗೂ ಅನ್ವಯಿಸಿದರೆ ಸಾಕು.

ಕಳೆದ ತಿಂಗಳು ಹಳೇ ಲ್ಯಾಬಿನ ಜೂನಿಯರ್ ಒಬ್ಬ ಫೋನ್ ಮಾಡಿದ್ದ. ಐದೂವರೆ ವರ್ಷ ಆಗಿದೆ. ಥೀಸಿಸ್ ಬರೆಯುತ್ತಿದ್ದಾನೆ, ಒಂದು ಪ್ರಯೋಗ ಬಾಕಿ ಇದೆ. 'ಅಣ್ಣಾ, ಒಂದು ಸಹಾಯ ಆಗ್ಬೇಕಿತ್ತು' ಅಂದ. ಎಷ್ಟು ಅಂತ ಕೇಳಿದೆ. 'ದುಡ್ಡಲ್ಲ ಅಣ್ಣಾ, ಕೃತಜ್ಞತೆ ಪುಟ ಬರೆದಿದ್ದೀನಿ, ಒಂದ್ಸಲ ಓದಿ' ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, 'ದುಡ್ಡೂ ಬೇಕಿತ್ತು' ಅಂದ.